ಮಂಗಳವಾರದ ವಂದನಾರ್ಪಣೆ

ನನ್ನ ಗಂಡ ಹೆಡ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳದ ಮನುಷ್ಯ. ಇದು ಕೋಪದಲ್ಲಿ ಆಡಿದ ಮಾತಲ್ಲ, ಬಹುಕಾಲದ ವೀಕ್ಷಣೆಯಿಂದ ತಲುಪಿದ ತೀರ್ಮಾನ. ಅವನ ಕಿವಿಯಲ್ಲಿ ದೋಷವೇನೂ ಇಲ್ಲ. ಲಾನ್‌ಸೆಸ್ಟನ್ ನಗರಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದೇನೆ. ಅಲ್ಲಿಯ ವೈದ್ಯೆ, "ಇಪ್ಪತ್ತರ ಹುಡುಗನ ಕಿವಿ ಇದ್ದ ಹಾಗಿದೆ" ಎಂದು ಬೆರಗಾದರು. ಬಳಸದೆ ಇಟ್ಟ ವಸ್ತು ಹೊಸದಾಗಿಯೇ ಇರುತ್ತದೆ ಎಂದು ನಾನು ಹೇಳಿದೆ.

"ಏನಂದೆ?" ಎಂದ ಹೆಡ್ಲಿ.

ನಾನು ಡಾಕ್ಟರು. ಆದರೆ ಮನುಷ್ಯರ ಡಾಕ್ಟರಲ್ಲ, ಕಲ್ಲುಹೂವಿನ ಡಾಕ್ಟರು. ಕಲ್ಲಿನ ಮೇಲೆ, ಮರದ ತೊಗಟೆಯ ಮೇಲೆ ಬೂದು, ಹಳದಿ, ಕಿತ್ತಳೆ ಬಣ್ಣದ ಹಕ್ಕಳೆಗಳಂತೆ ಹಬ್ಬಿರುತ್ತದಲ್ಲ, ಅದನ್ನು ಅಧ್ಯಯನ ಮಾಡುತ್ತ ಕೂದಲು ಹಣ್ಣಾಗಿಸಿಕೊಂಡೆ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದೆ, ಎರಡು ಪ್ರಭೇದಗಳಿಗೆ ಹೆಸರಿಟ್ಟೆ, ನಿವೃತ್ತಳಾಗಿ ಎಲ್ಡನ್‌ವೇಲ್ ಎಂಬ ಈ ಮಂಜಿನ ಊರಿನ ನಮ್ಮ ಮನೆಯಲ್ಲಿ ಪೂರ್ತಿಯಾಗಿ ನೆಲೆಸಿದೆ. ಊರಿನವರಿಗೆ ಇದೆಲ್ಲ ತಿಳಿದಿದ್ದರೂ ನನ್ನನ್ನು ಕಂಡಾಗಲೆಲ್ಲ ತಮ್ಮ ಮೊಣಕಾಲು ತೋರಿಸುತ್ತಾರೆ. "ಅದರ ಮೇಲೆ ಏನಾದರೂ ಬೆಳೆದರೆ ಬನ್ನಿ" ಎಂದು ಹೇಳಿ ಕಳಿಸುತ್ತೇನೆ.

ಹೆಡ್ಲಿಯ ವಿಷಯಕ್ಕೆ ಬರೋಣ. ಅವನು ನಲವತ್ತು ವರ್ಷ ದನಕರುಗಳ ಮೇವಿನ ಅಂಗಡಿ ನಡೆಸಿದವನು. ಗಿರಾಕಿಗಳಿಗೆ ಬಾಯಿಲ್ಲದ ವ್ಯಾಪಾರ ಅದು. ಕೇಳಿಸಿಕೊಳ್ಳುವ ಅಭ್ಯಾಸ ತಪ್ಪಿದ್ದು ಅಲ್ಲೇ ಇರಬೇಕು. (ಮದುವೆಯ ದಿನ ಪಾದ್ರಿಯವರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ "ಆಗಲಿ" ಎಂದುಬಿಟ್ಟಿದ್ದ. ಎಲ್ಲರೂ ಅದನ್ನು ಪ್ರೇಮವೆಂದು ತಿಳಿದರು.)

ಹೋದ ಬೇಸಿಗೆಯಲ್ಲಿ ಊರಿನ ಸೇವಾ ಕ್ಲಬ್ಬಿನ ಅದೃಷ್ಟದ ಚೀಟಿ ಎತ್ತಿದಾಗ ಅವನಿಗೆ ಒಂದು ಯಂತ್ರ ಬಂತು. ನೀರನ್ನು ಬಾಣದಂತೆ ಚಿಮ್ಮಿಸಿ ಕೊಳೆ ಎಬ್ಬಿಸುವ ಯಂತ್ರ. ಸಾಮಾನ್ಯವಾಗಿ ಆ ಚೀಟಿಗೆ ಒಂದು ತಟ್ಟೆ ಮಾಂಸ ಕೊಡುತ್ತಾರೆ. ಮಾಂಸವಾಗಿದ್ದರೆ ತಿಂದು ಮುಗಿಸಬಹುದಿತ್ತು. ಯಂತ್ರ ಮುಗಿಯುವುದಿಲ್ಲ. ಹೆಡ್ಲಿ ಅಂಗಳ ತೊಳೆದ, ಬೇಲಿ ತೊಳೆದ, ಮೇಲಿನ ಬಣ್ಣ ಹಾರಿಹೋಗುವ ತನಕ ಗ್ಯಾರೇಜಿನ ಬಾಗಿಲು ತೊಳೆದ. ಹಿತ್ತಲಲ್ಲಿ ಹಕ್ಕಿಗಳು ಮೀಯಲೆಂದು ಇಟ್ಟ ಹಳೆಯ ಕಲ್ಲಿನ ಬಾನಿಯೊಂದಿತ್ತು. ಅದರ ಸುತ್ತ ಐದು ಬಗೆಯ ಕಲ್ಲುಹೂವು ಬೆಳೆದಿದ್ದವು. ನಾನು ಅವನನ್ನು ಅಡುಗೆಮನೆಯಲ್ಲಿ ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ.

"ಹೆಡ್ಲಿ, ಆ ಬಾನಿ ಮುಟ್ಟಬೇಡ."

"ಹೂಂ."

"ಏನು ಹೇಳಿದೆ ನಾನು?"

"ಬಾನಿ."

"ಬಾನಿ ಏನು?"

"ಬಾನಿ ತೊಳೀಬೇಕು ಅಂದೆ."

ಮತ್ತೆ ಹೇಳಿದೆ. ತಲೆಯಾಡಿಸಿದ. ಮರುದಿನ ನಾನು ಗ್ರಂಥಾಲಯದಿಂದ ಹಿಂದಿರುಗುವ ಹೊತ್ತಿಗೆ ಬಾನಿ ಹೊಸದಾಗಿ ಕಡೆದ ಸಮಾಧಿಯ ಕಲ್ಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಹೆಡ್ಲಿ ಪ್ರಶಸ್ತಿ ಗೆದ್ದ ಟಗರಿನಂತೆ ನಿಂತಿದ್ದ. ಅದರ ನಂತರ ಮನೆಯಲ್ಲಿ ಉಳಿದದ್ದು ಹಿಂಬಾಗಿಲ ಮೆಟ್ಟಿಲಿನ ಮೇಲಿನ ಒಂದೇ ಒಂದು ಕಲ್ಲುಹೂವು. ಈ ಮನೆಗೆ ಬಂದ ಹೊಸದರಲ್ಲಿ ಅದು ಅಂಗಿಯ ಗುಂಡಿಯಷ್ಟಿತ್ತು. ಈಗ ಸಾಸರಿನಷ್ಟಿದೆ. ಹೆಡ್ಲಿಯ ಕಣ್ಣು ಅದರ ಮೇಲೂ ಇತ್ತು. "ಚಳಿಗಾಲ ಮುಗೀಲಿ, ಆ ಮೆಟ್ಟಿಲಿಗೂ ಒಂದು ಗತಿ ಕಾಣಿಸ್ತೀನಿ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ.

ಇಂಥ ಮನುಷ್ಯ ಎಲ್ಡನ್‌ವೇಲ್ ಸೇವಾ ಕ್ಲಬ್ಬಿನಲ್ಲಿ ಉಪನ್ಯಾಸ ವಿಭಾಗದ ಮುಖ್ಯಸ್ಥ. ವಾರವಾರವೂ ಅತಿಥಿ ಭಾಷಣಕಾರರನ್ನು ಹುಡುಕಿ ತರುವುದು, ಭಾಷಣ ಮುಗಿದ ಮೇಲೆ ವಂದನಾರ್ಪಣೆ ಮಾಡುವುದು, ಎರಡೂ ಅವನ ಕೆಲಸ. ಆ ಪದವಿಗೆ ಅವನು ಏರಿದ ಬಗೆಯನ್ನು ಹೇಳಬೇಕು. ಆ ಕ್ಲಬ್ಬಿನಲ್ಲಿ ಒಂದು ಸಂಪ್ರದಾಯವಿದೆ: ಯಾರಾದರೂ ನಿಮ್ಮ ಹೆಸರು ಸೂಚಿಸಿದಾಗ ನೀವು ಎದ್ದು ನಿಂತರೆ ಒಪ್ಪಿದಿರಿ ಎಂದರ್ಥ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಗಂಟೆ ಬಾರಿಸಿದ ಮೇಲೆ ಚರ್ಚೆ ಇಲ್ಲ. ಒಪ್ಪಿಗೆ ಇಲ್ಲದವರು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕೂತಿರಬೇಕು. ಹಲವು ವರ್ಷಗಳ ಹಿಂದೆ ಹೆಡ್ಲಿಯ ಹೆಸರನ್ನು ಯಾರೋ ಸೂಚಿಸಿದಾಗ ಎಂದಿನಂತೆ ಅವನಿಗೆ ಕೇಳಿಸಲಿಲ್ಲ. ಅವನು ಎದ್ದದ್ದು ಮೂತ್ರಕ್ಕೆ. ಹಿಂದಿರುಗುವಷ್ಟರಲ್ಲಿ ಮುಖ್ಯಸ್ಥನಾಗಿದ್ದ.

ಒಂದು ಕಾಲದಲ್ಲಿ ಆ ಕ್ಲಬ್ಬಿನಲ್ಲಿ ಕೂರಲು ಜಾಗವಿರುತ್ತಿರಲಿಲ್ಲವಂತೆ. ಬ್ಯಾಂಕು ಮುಚ್ಚಿತು, ಮ್ಯಾನೇಜರ್ ಹೋದ. ಔಷಧಿ ಅಂಗಡಿ ಮುಚ್ಚಿತು, ಔಷಧಿಯವನು ಹೋದ. ರೈಲು ನಿಂತ ಮೇಲೆ ಸ್ಟೇಷನ್ ಮಾಸ್ತರನಿಗೆ ಹೋಗಲು ರೈಲೂ ಇರಲಿಲ್ಲ, ಹೇಗೋ ಹೋದ. ಉಳಿದವರನ್ನು ಈಗ ಒಬ್ಬೊಬ್ಬರನ್ನಾಗಿ ಚರ್ಚಿನ ಹಿಂದಿನ ಸಮಾಧಿಗಳ ದಿಬ್ಬ ಸೇರಿಸಿಕೊಳ್ಳುತ್ತಿದೆ. ಬೌಲ್ಸ್ ಆಟದ ಮೈದಾನದ ಪಕ್ಕದ ಸಭಾಭವನದಲ್ಲಿ ಒಂದು ಮೇಜಿನ ಸುತ್ತ ಕೂರುವಷ್ಟು ಜನ ಮಾತ್ರ ಉಳಿದಿದ್ದಾರೆ. ಉಳಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದಾರೆ. ಅವೇ ಹೆಚ್ಚು ಗಂಭೀರವಾಗಿ ಭಾಷಣ ಕೇಳುವಂತೆ ಕಾಣುತ್ತವೆ.

ಜೂನ್ ತಿಂಗಳಲ್ಲಿ ಕ್ಲಬ್ಬಿನ ಅಧ್ಯಕ್ಷ ನೆವಿಲ್ ಒಂದು ಘೋಷಣೆ ಮಾಡಿದ. ನೆವಿಲ್ ನಿವೃತ್ತ ಪಶುವೈದ್ಯ. ಉಳಿಯದ ಪ್ರಾಣಿಯನ್ನು ನರಳಿಸಬಾರದು ಎಂಬುದು ಅವನ ಸಿದ್ಧಾಂತ. "ಯಾವ ಮಂಗಳವಾರ ಭಾಷಣಕಾರರು ಇರೋದಿಲ್ವೋ ಅವತ್ತೇ ಗಂಟೆನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಡೋಣ. ಸುಮ್ನೆ ಉಂಡು ಎದ್ದು ಹೋಗೋಕೆ ಕ್ಲಬ್ಬು ಯಾಕೆ, ಮನೇಲೂ ಊಟ ಇದೆ" ಎಂದನಂತೆ. ಎಲ್ಲರೂ ತಲೆಯಾಡಿಸಿದರಂತೆ.

ಇದನ್ನು ಕೇಳಿ ಹೆಡ್ಲಿಗಿಂತ ಹೆಚ್ಚು ಗಾಬರಿಯಾದದ್ದು ನನಗೆ. ಮಂಗಳವಾರ ಸಂಜೆಯೊಂದೇ ಈ ಮನೆಯಲ್ಲಿ ಮನೆಯ ಸದ್ದು ಕೇಳುವ ಸಂಜೆ. ಅವನು ಟೈ ಕಟ್ಟಿಕೊಂಡು ಹೊರಟ ಮೇಲೆ ನಾನು ಒಂದು ಮೊಟ್ಟೆ ಬೇಯಿಸಿಕೊಂಡು, ಒಲೆಗೆ ಎರಡು ಕೊರಡು ಹಾಕಿ, ಸೂಕ್ಷ್ಮದರ್ಶಕದ ಮುಂದೆ ಕೂರುತ್ತೇನೆ. ಯಾರೂ "ಏನಂದೆ?" ಎನ್ನುವುದಿಲ್ಲ, ಏಕೆಂದರೆ ನಾನು ಏನೂ ಅಂದಿರುವುದಿಲ್ಲ. ಕ್ಲಬ್ಬು ಮುಚ್ಚಿದರೆ ಮಂಗಳವಾರವೂ ಬುಧವಾರದಂತಾಗುತ್ತದೆ. ಬುಧವಾರ ಹೇಗಿರುತ್ತದೆಂದು ನನಗೆ ಗೊತ್ತು.

ಹಾಗಾಗಿ ಭಾಷಣಕಾರರ ಬೇಟೆಯಲ್ಲಿ ನಾನೂ ಸೇರಿದೆ. ಸುತ್ತಲಿನ ಊರುಗಳಲ್ಲಿ ಬಾಯಿ ಇದ್ದವರೆಲ್ಲ ಆಗಲೇ ಬಂದು ಹೋಗಿದ್ದರು. ಜೇನಿನವನು ಬಂದಿದ್ದ. ಮಲದ ಗುಂಡಿ ಖಾಲಿ ಮಾಡುವವನು ಮೂರು ಸಲ ಬಂದಿದ್ದ, ಮೂರನೆಯ ಸಲ ಜನರ ಒತ್ತಾಯದ ಮೇಲೆ. ನಾರ್ವೆಗೆ ಹಡಗಿನಲ್ಲಿ ಹೋಗಿ ಬಂದ ಮೂರು ದಂಪತಿಗಳು ಒಂದೇ ಕೊಲ್ಲಿಯನ್ನು ಮೂರು ಸಲ ವರ್ಣಿಸಿದ್ದರು. ಕಿವಿಯ ಯಂತ್ರ ಮಾರುವವನು ಬಂದ ದಿನ ಮೈಕು ಕೆಟ್ಟು, ಅವನ ಮಾತು ಯಾರಿಗೂ ಕೇಳಿಸಿರಲಿಲ್ಲ. ಇಷ್ಟು ಜನರ ಭಾಷಣಕ್ಕೂ ಹೆಡ್ಲಿಯ ವಂದನಾರ್ಪಣೆ ಒಂದೇ. ಭಾಷಣ ಶುರುವಾದ ಕೂಡಲೇ ಅವನ ಗದ್ದ ಟೈ ಮೇಲೆ ಕೂರುತ್ತದೆ, ಕಣ್ಣು ಮುಚ್ಚುತ್ತದೆ. ಚಪ್ಪಾಳೆಯೇ ಅವನಿಗೆ ಕೋಳಿಯ ಕೂಗು. ಎದ್ದು ನಿಂತು, "ಇವತ್ತು ನಮಗೆಲ್ಲ ಮೆಲುಕು ಹಾಕೋಕೆ ಬೇಕಾದಷ್ಟು ಮೇವು ಸಿಕ್ತು" ಎಂದು ಹೇಳಿ ಉಡುಗೊರೆ ಕೊಡುತ್ತಾನೆ. ಉಡುಗೊರೆ ಎಂದರೆ ಒಂದು ಜಾಡಿ ಕ್ವಿನ್ಸ್ ಹಣ್ಣಿನ ಜೆಲ್ಲಿ. ಶರತ್ಕಾಲದಲ್ಲಿ ಆ ಕಲ್ಲಿನಂಥ ಹಣ್ಣುಗಳನ್ನು ಕೊಯ್ದು, ಬೇಯಿಸಿ, ಸೋಸಿ, ಕೈ ಸುಟ್ಟುಕೊಂಡು ವರ್ಷಕ್ಕಾಗುವಷ್ಟು ಜಾಡಿ ತುಂಬಿಸುವವಳು ನಾನು. ಅತಿಥಿಗಳು ಧನ್ಯವಾದ ಹೇಳುವುದು ಕ್ಲಬ್ಬಿಗೆ.

ಜುಲೈ ಎಂದರೆ ನಮ್ಮ ಈ ದಕ್ಷಿಣದ ಸೀಮೆಯಲ್ಲಿ ನಡುಚಳಿಗಾಲ. ಆ ತಿಂಗಳ ಒಂದು ಮಂಗಳವಾರಕ್ಕೆ ಶವಸಂಸ್ಕಾರದ ವೃತ್ತಿಯ ಲಿಂಡ್ಸೆ ಬರಬೇಕಿತ್ತು. "ನಿಮ್ಮ ಅಂತ್ಯಕ್ರಿಯೆಯನ್ನು ನೀವೇ ಮುಂಚಿತವಾಗಿ ಯೋಜಿಸಿ" ಎಂಬುದು ವಿಷಯ. ಅದರ ಮುಂದಿನ ವಾರಕ್ಕೆ ಆಲ್ಬನ್ ಎಂಬ ಹಳೆಯ ಗರಗಸದ ಮಿಲ್ಲಿನ ಮುದುಕನನ್ನು ಒಪ್ಪಿಸಿಟ್ಟಿದ್ದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಫೋನು ಬಂತು. ಹೆಡ್ಲಿ ಬಹಳ ಹೊತ್ತು "ಹೂಂ, ಹೂಂ" ಎಂದು ಇಟ್ಟುಬಿಟ್ಟ.

"ಯಾರು?" ಎಂದೆ.

"ಲಿಂಡ್ಸೆ. ಬರೋಕಾಗಲ್ವಂತೆ."

"ಯಾಕೆ?"

"ಹೆಣ ತರೋಕೆ ಹೋಗ್ಬೇಕಂತೆ, ಗುಡ್ಡದ ಆ ಕಡೆ ಆಸ್ಪತ್ರೆಗೆ. ರಸ್ತೆ ಮೇಲೆ ಹಿಮ ಬೇರೆ."

"ಯಾರು ಹೋದದ್ದು?"

"ಆಲ್ಬನ್."

ನಾನು ಚಮಚ ಕೆಳಗಿಟ್ಟೆ. ಮುಂದಿನ ವಾರದ ಭಾಷಣಕಾರ ಸತ್ತು ಈ ವಾರದ ಭಾಷಣಕಾರನನ್ನೂ ಕರೆದುಕೊಂಡು ಹೋಗಿದ್ದ. ಆಲ್ಬನ್ ಒಳ್ಳೆಯ ಮನುಷ್ಯ. ಅವನ ಮಿಲ್ಲಿನ ಅಂಗಳದ ಮರದ ದಿಮ್ಮಿಗಳ ಮೇಲೆ ನಾನು ಎಷ್ಟೋ ಮಾದರಿಗಳನ್ನು ಕೆರೆದು ತಂದಿದ್ದೇನೆ. ಕೇಳದೆ ಕೆರೆದರೂ ಬೈಯುತ್ತಿರಲಿಲ್ಲ. ಸೂಪು ತಣ್ಣಗಾಯಿತು.

ಆಮೇಲೆ ಹೆಡ್ಲಿ ಎದ್ದು ಹೋಗಿ ಬೀರುವಿನಿಂದ ಟೈ ತಂದ. ಕಟ್ಟಿಕೊಳ್ಳಲಿಲ್ಲ. ಮೇಜಿನ ಮೇಲೆ ಇಟ್ಟುಕೊಂಡು ಅದರ ಮೇಲಿನ ಹಳೆಯ ಗ್ರೇವಿಯ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದ.

"ಹಾಗಾದ್ರೆ ಇವತ್ತೇ ಗಂಟೆ ಪೆಟ್ಟಿಗೆಗೆ" ಎಂದ.

"ಮಲದ ಗುಂಡಿಯವನಿಗೆ ಫೋನ್ ಮಾಡು."

"ಮಾಡ್ದೆ ಬೆಳಗ್ಗೆನೇ, ಮುಂದೆ ಬೇಕಾಗ್ಬಹುದು ಅಂತ. ಸೊಂಟ ಹಿಡ್ಕೊಂಡಿದೆಯಂತೆ."

"ನಾರ್ವೆಯವರು?"

"ಮತ್ತೆ ನಾರ್ವೆಗೆ ಹೋಗಿದಾರೆ."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮಂಜು ಬೇಲಿಯ ತನಕ ಬಂದಿತ್ತು. ಮುಂದಿನ ಮಂಗಳವಾರ ಸಂಜೆ ಹೆಡ್ಲಿ ಈ ಕುರ್ಚಿಯಲ್ಲಿ ಕೂತು, ಟೈ ಕೆರೆಯುತ್ತ, ನನ್ನ ಸೂಕ್ಷ್ಮದರ್ಶಕದ ಕಡೆ ಬೆರಳು ತೋರಿಸಿ "ಅದರಲ್ಲೇನು ಕಾಣ್ತದೆ?" ಎಂದು ಕೇಳುವುದು, ನಾನು ಹೇಳುವುದು, ಅವನು "ಏನಂದೆ?" ಎನ್ನುವುದು, ಎಲ್ಲವೂ ಕಣ್ಣಿಗೆ ಕಟ್ಟಿತು. ಉಳಿದ ಆಯುಷ್ಯದ ಎಲ್ಲ ಮಂಗಳವಾರಗಳನ್ನು ಉಳಿಸಿಕೊಳ್ಳಲು ಒಂದು ಮಂಗಳವಾರವನ್ನು ಬಲಿ ಕೊಡುವುದು ಲೆಕ್ಕಾಚಾರದ ದೃಷ್ಟಿಯಿಂದ ಸರಿಯೆಂದು ತೋರಿತು.

"ನಾನು ಮಾತಾಡ್ತೀನಿ" ಎಂದೆ.

"ಏನಂದೆ?"

"ನಾನು. ಇವತ್ತು. ಕಲ್ಲುಹೂವಿನ ಬಗ್ಗೆ."

ಹೆಡ್ಲಿ ನನ್ನನ್ನು ದಿಟ್ಟಿಸಿದ. "ನೀನಾ, ಡಾಕ್ಟ್ರಮ್ಮಾ? ಇಷ್ಟು ವರ್ಷ ಕೇಳ್ದಾಗೆಲ್ಲ, ಹಂದಿಗಳ ಮುಂದೆ ಮುತ್ತು ಚೆಲ್ಲಲ್ಲ ಅಂದಿದ್ದೆ."

(ನೋಡಿ, ನೆನಪಿಡಬಾರದ್ದನ್ನು ಮಾತ್ರ ಕೇಳಿಸಿಕೊಂಡಿರುತ್ತಾನೆ.)

"ಹಂದಿಗಳು ಅಂದಿಲ್ಲ. ಗಾದೆ ಹೇಳಿದೆ."

"ಗಾದೆಲಿ ಹಂದಿ ಇತ್ತು. ನೆವಿಲ್‌ಗೆ ಬೇಜಾರಾಗಿತ್ತು."

"ನೆವಿಲ್‌ಗೆ ಯಾರು ಹೇಳಿದ್ದು?"

ಹೆಡ್ಲಿ ಟೈ ಎತ್ತಿಕೊಂಡು ಕಟ್ಟಿಕೊಳ್ಳಲು ಹೋದ. ಕನ್ನಡಿಯ ಮುಂದೆ ಸಿಳ್ಳೆ ಹಾಕುತ್ತಿದ್ದದ್ದು ಕೇಳಿಸಿತು. ಆಲ್ಬನ್ ನೆನಪಾಗಿ ನಡುವೆ ನಿಲ್ಲಿಸಿದ.

ಸಂಜೆ ಸಭಾಭವನಕ್ಕೆ ಹೋದೆವು. ಸೀಮೆಎಣ್ಣೆಯ ಹೀಟರು ಒಂದು ಮೂಲೆಯಲ್ಲಿ ತನ್ನ ಪಾದಗಳನ್ನು ಮಾತ್ರ ಬೆಚ್ಚಗಿಟ್ಟುಕೊಂಡಿತ್ತು. ಅಡುಗೆಯ ಬೆವ್ ಎಂದಿನಂತೆ ಕುರಿಮಾಂಸ, ಕುಂಬಳ, ಬಟಾಣಿ ಬಡಿಸಿದಳು. ಕುಂಬಳ ಹಿಂದಿನ ವಾರದ್ದೂ ಇರಬಹುದು. ನೆವಿಲ್ ಗಂಟೆ ಬಾರಿಸಿದ, ರೂಢಿಯಂತೆ ಲೋಟ ಎತ್ತಿ ದೇಶದ ರಾಜರಿಗೆ ಶುಭ ಕೋರಿದೆವು, ಆಲ್ಬನ್‌ಗಾಗಿ ಎದ್ದು ನಿಂತು ಮೌನ ಆಚರಿಸಿದೆವು. ಆ ಮೌನ ಈಗ ಈ ಕ್ಲಬ್ಬಿಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಎಲ್ಲರೂ ಒಂದೇ ಕ್ಷಣಕ್ಕೆ ಕೂತರು.

ಮುಂದೆ ದಂಡನಾಯಕನ ಸರದಿ. ಕ್ಲಬ್ಬಿನ ಶಿಸ್ತು ಕಾಯುವವನಿಗೆ ನಾನಿಟ್ಟ ಹೆಸರದು. ಸದಸ್ಯರ ಸಣ್ಣಪುಟ್ಟ ತಪ್ಪು ಹುಡುಕಿ ದಂಡ ಹಾಕಿ ಚಿಲ್ಲರೆ ಕೀಳುವುದು ಅವನ ಕೆಲಸ. ಆ ಹಣ ಆಸ್ಪತ್ರೆಯ ವ್ಯಾನಿಗೆ ಹೋಗುತ್ತದೆ. ಈಗಿನ ದಂಡನಾಯಕ ಕೆಲ್ವಿನ್ ಮೊದಲು ಕಟುಕನಾಗಿದ್ದ, ವೃತ್ತಿಯ ಹಿಡಿತ ಇನ್ನೂ ಹೋಗಿಲ್ಲ. ಡಬ್ಬಿ ಅಲ್ಲಾಡಿಸುತ್ತ ಬಂದ.

"ಹೆಡ್ಲಿಗೆ ದಂಡ! ಹೆಂಡ್ತಿನ ಕರ್ಕೊಂಡು ಬಂದು ನಮ್ಮೆಲ್ಲರ ಬಾಯಿ ಕಟ್ಟಿದ್ದಕ್ಕೆ!"

"ಕೊಡ್ತೀನಿ ಮಾರಾಯ" ಎಂದು ಹೆಡ್ಲಿ ಜೇಬು ತಡಕಿದ.

"ಡಾಕ್ಟ್ರಿಗೂ ದಂಡ! ಚಿತ್ರ ಇಲ್ದೆ ಭಾಷಣ ಮಾಡೋಕೆ ಬಂದಿದ್ದಕ್ಕೆ!"

"ನಿಮ್ಮ ಕ್ಲಬ್ಬಿನ ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಗಿ ಎಷ್ಟು ವರ್ಷವಾಯಿತು, ಕೆಲ್ವಿನ್?" ಎಂದೆ.

"ಎದುರು ಮಾತಾಡಿದ್ದಕ್ಕೆ ಇನ್ನೊಂದು ದಂಡ!"

ಕೊಟ್ಟೆ. ಆಸ್ಪತ್ರೆಯ ವ್ಯಾನು ನನಗೂ ಬೇಕಾಗುತ್ತದೆ.

ಭಾಷಣಕ್ಕೆ ಎದ್ದು ನಿಂತೆ. ಮೊದಲ ವಾಕ್ಯದಲ್ಲೇ ಸ್ಪಷ್ಟಪಡಿಸಿದೆ: ಕಲ್ಲುಹೂವು ಪಾಚಿಯಲ್ಲ. ಅದು ಶಿಲೀಂಧ್ರವೊಂದು ಹಸಿರುಜೀವಿಯೊಂದರ ಜೊತೆ ಹೂಡಿದ ಸಂಸಾರ. ಒಬ್ಬರು ಮನೆ ಕಟ್ಟುತ್ತಾರೆ, ಇನ್ನೊಬ್ಬರು ಅಡುಗೆ ಮಾಡುತ್ತಾರೆ. ಪರಸ್ಪರ ಪ್ರೀತಿ ಇದೆಯೇ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ, ಆದರೆ ಬೇರೆಯಾದರೆ ಬದುಕುವುದು ಕಷ್ಟ. ಇಲ್ಲಿ ನಗಬೇಕಿತ್ತು. ವಿದ್ಯಾರ್ಥಿಗಳು ಯಾವಾಗಲೂ ನಗುತ್ತಿದ್ದರು. ಇಲ್ಲಿ ಯಾರೋ ಕೆಮ್ಮಿದರು.

ಹೆಡ್ಲಿ ನನ್ನ ಎದುರಿಗೇ ಕೂತಿದ್ದ. ನಾನು "ಕಲ್ಲುಹೂವು" ಎನ್ನುವ ಮೊದಲೇ ಗದ್ದ ಟೈ ಮುಟ್ಟಿತ್ತು. "ಸಂಸಾರ" ಎನ್ನುವಷ್ಟರಲ್ಲಿ ಗೊರಕೆ ಶುರುವಾಯಿತು. ನಾಯಿ ಕನಸಿನಲ್ಲಿ ಗುರ್ ಎನ್ನುವಂಥ ಮೃದುವಾದ ಗೊರಕೆ. ಪಕ್ಕದಲ್ಲಿ ಕೆಲ್ವಿನ್ ಡಬ್ಬಿ ತಬ್ಬಿಕೊಂಡು ನಿದ್ದೆ ಹೋದ. ಎಚ್ಚರವಿದ್ದವನು ನೆವಿಲ್ ಒಬ್ಬನೇ, ಅಧ್ಯಕ್ಷನಾದ್ದರಿಂದ. ನಾನು ಗೋಡೆಗೆ ಒರಗಿಸಿದ ಕುರ್ಚಿಗಳ ಕಡೆ ತಿರುಗಿ ಅವುಗಳಿಗೆ ಭಾಷಣ ಮುಂದುವರಿಸಿದೆ.

ನಮ್ಮ ಹಿಂಬಾಗಿಲ ಮೆಟ್ಟಿಲಿನ ಕಲ್ಲುಹೂವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಗುಂಡಿಯಷ್ಟಿದ್ದದ್ದು ಸಾಸರಿನಷ್ಟಾಗಲು ಒಂದು ದಾಂಪತ್ಯದಷ್ಟು ಕಾಲ ಹಿಡಿಯಿತು ಎಂದೆ. ನಡುಭಾಗ ಮುದಿಯಾಗಿ, ಬಣ್ಣಗೆಟ್ಟು, ಒಣಗಿದಂತೆ ಕಾಣುತ್ತದೆ, ಜನ ಸತ್ತಿತೆಂದುಕೊಂಡು ಉಜ್ಜಿಬಿಡುತ್ತಾರೆ ಎಂದೆ. ಆದರೆ ಬೆಳವಣಿಗೆಯೆಲ್ಲ ಅಂಚಿನಲ್ಲಿ. ಸುತ್ತಲೂ ಒಂದು ಹೆಬ್ಬೆಟ್ಟಿನಗಲ ಕಲ್ಲನ್ನು ಮುಟ್ಟದೆ ಬಿಟ್ಟರೆ ಸಾಕು, ನಾವೆಲ್ಲ ಹೋದ ಮೇಲೂ ಅದು ತನ್ನಷ್ಟಕ್ಕೆ ಹಬ್ಬುತ್ತ ಹೋಗುತ್ತದೆ, ಅದಕ್ಕೆ ಯಾರ ಉಪಕಾರವೂ ಬೇಡ, ಉಪದ್ರವ ಇಲ್ಲದಿದ್ದರೆ ಆಯಿತು ಎಂದು ಹೇಳಿ ಮುಗಿಸಿದೆ. ಕುರ್ಚಿಗಳು ಒಪ್ಪಿದವು.

ನೆವಿಲ್ ಚಪ್ಪಾಳೆ ತಟ್ಟಿದ. ಆ ಸದ್ದಿಗೆ ಉಳಿದವರೂ ಕಣ್ಣು ಮುಚ್ಚಿಕೊಂಡೇ ತಟ್ಟಿದರು. ಆಮೇಲೆ ಪ್ರಶ್ನೋತ್ತರ.

"ಡಾಕ್ಟ್ರೇ, ನಮ್ಮ ತಗಡಿನ ಮೇಲೆ ಇದೇ ಬೆಳ್ಕೊಂಡಿದೆ. ತೆಗೆಯೋದು ಹೇಗೆ?" ಕೆಲ್ವಿನ್ ಕೇಳಿದ.

"ತೆಗೆಯಬೇಡಿ."

"ಬ್ಲೀಚ್ ಹಾಕಿದ್ರೆ ಹೋಗುತ್ತಾ?" ಇನ್ನೊಬ್ಬ ಕೇಳಿದ.

"ಹಾಕಬೇಡಿ."

"ಅಂದ್ರೆ ಬ್ಲೀಚಿಗಿಂತ ಜೋರಾದ್ದೇ ಬೇಕು ಅಂತಾಯ್ತು" ಎಂದು ಕೆಲ್ವಿನ್ ಅವನಿಗೆ ವಿವರಿಸಿದ.

ಹೆಡ್ಲಿ ವಂದನಾರ್ಪಣೆಗೆ ಎದ್ದ. ಕಣ್ಣುಜ್ಜಿಕೊಂಡ, ಟೈ ಸರಿಮಾಡಿಕೊಂಡ. ಮದುವೆಯಾದಂದಿನಿಂದ ಅವನು ನನ್ನನ್ನು ಇಷ್ಟು ಗೌರವದಿಂದ ಸಂಬೋಧಿಸಿದ್ದಿಲ್ಲ.

"ಮಾನ್ಯ ಅಧ್ಯಕ್ಷರೇ, ಗೆಳೆಯರೇ. ಡಾಕ್ಟರ್ ಐಲ್ಸಾ ಅವರು ಪಾಚಿ ಬಗ್ಗೆ ಬಹಳ ಚೆನ್ನಾಗಿ ತಿಳಿಸಿಕೊಟ್ಟರು. ಮೆಲುಕು ಹಾಕೋಕೆ ಬೇಕಾದಷ್ಟು ಮೇವು ಸಿಕ್ತು. ಕ್ಲಬ್ಬಿನ ಪರವಾಗಿ ಈ ಸಣ್ಣ ಕಾಣಿಕೆ."

ನಾನೇ ಬೇಯಿಸಿ, ನಾನೇ ಸೋಸಿ, ನಾನೇ ಮುಚ್ಚಳ ಬಿಗಿದ ಜೆಲ್ಲಿಯ ಜಾಡಿಯನ್ನು ನನ್ನ ಕೈಯಲ್ಲಿಟ್ಟು ಕೈಕುಲುಕಿದ. ಮುಚ್ಚಳದ ಮೇಲೆ ನನ್ನದೇ ಅಕ್ಷರವಿತ್ತು. ನಾನು ಧನ್ಯವಾದ ಹೇಳಿದೆ. ಪಾಚಿ ಎಂಬ ಶಬ್ದ ಕಿವಿಯೊಳಗೆ ಕಣಜದ ಹುಳದಂತೆ ಸುತ್ತುತ್ತಿತ್ತು. ಆದರೂ ಸುಮ್ಮನೆ ಕೂತೆ. ಕ್ಲಬ್ಬು ಉಳಿಯಿತು, ನನ್ನ ಮಂಗಳವಾರ ಉಳಿಯಿತು, ಒಂದು ಶಬ್ದವನ್ನು ನುಂಗಿಕೊಂಡರೇನು ಎಂದುಕೊಂಡೆ.

ನೆವಿಲ್ ಎದ್ದ. "ಇವತ್ತು ಭಾಷಣ ಆಯ್ತು, ಗಂಟೆ ಬಚಾವಾಯ್ತು. ಮುಂದಿನ ವಾರ? ಆಲ್ಬನ್ ಅಂತೂ ಬರಲ್ಲ. ಹೆಡ್ಲಿ, ನಿನ್ನ ಹತ್ರ ಯಾರಿದಾರೆ?"

ಹೆಡ್ಲಿ ತಲೆ ಕೆರೆದುಕೊಂಡ. "ನಿಜ ಹೇಳ್ಬೇಕಂದ್ರೆ, ಈಚೆಗೆ ಭಾಷಣಕಾರರನ್ನ ಹುಡುಕ್ತಾ ಇರೋಳು ಇವಳೇ. ಇವಳು ಫೋನ್ ಮಾಡಿದ್ರೆ ಜನ ಹೆದರಿ ಒಪ್ಕೊಳ್ತಾರೆ. ಅದಕ್ಕೆ, ಡಾಕ್ಟ್ರಮ್ಮನನ್ನೇ ಸದಸ್ಯೆ ಮಾಡ್ಕೊಂಡು ಉಪನ್ಯಾಸದ ಕೆಲಸ ವಹಿಸೋಣ ಅಂತ ನಾನು ಸೂಚಿಸ್ತೀನಿ. ಪಾಚಿ ವಿಷಯದಲ್ಲಿ ಇಷ್ಟು ಓದಿರೋರು..."

ಎರಡನೆಯ ಸಲ ಪಾಚಿ ಎಂದಿದ್ದ. ನಾಲ್ಕು ದಶಕಗಳ ಅಧ್ಯಯನ ನನ್ನನ್ನು ಸ್ಪ್ರಿಂಗಿನಂತೆ ಕುರ್ಚಿಯಿಂದ ಚಿಮ್ಮಿಸಿತು.

"ಅದು ಪಾಚಿಯಲ್ಲ!" ಎಂದೆ, ನಿಂತುಕೊಂಡು.

ಚಪ್ಪಾಳೆಯಾಯಿತು. ಈ ಸಲ ಎಲ್ಲರೂ ಎಚ್ಚರವಾಗಿದ್ದರು. ನೆವಿಲ್ ಗಂಟೆ ಬಾರಿಸಿದ. ಅಡುಗೆಮನೆಯಿಂದ ಬೆವ್ ಸಹ ಬಂದು ತಟ್ಟೆ ಒರೆಸುವ ಬಟ್ಟೆ ಬೀಸಿದಳು.

"ನಾನು ಒಪ್ಪಿಗೆ ಕೊಡೋಕೆ ಎದ್ದಿದ್ದಲ್ಲ" ಎಂದೆ.

"ಗಂಟೆ ಆಯ್ತಲ್ಲ ಡಾಕ್ಟ್ರೇ" ಎಂದ ನೆವಿಲ್ ವಿಷಾದದಿಂದ. ದನದ ಕಿವಿ ಹಿಡಿದು ಚುಚ್ಚುಮದ್ದು ಹಾಕುವಾಗಲೂ ಅದೇ ಧ್ವನಿ ಇರುತ್ತಿತ್ತೇನೋ. ಕೆಲ್ವಿನ್ ಡಬ್ಬಿ ಹಿಡಿದು ಬಂದ. ಗಂಟೆಯ ನಂತರ ಮಾತಾಡಿದ್ದಕ್ಕೆ ದಂಡ.

ಹಿಂದಿರುಗುವಾಗ ಕಾರಿನ ದೀಪದ ಮುಂದೆ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಜೆಲ್ಲಿಯ ಜಾಡಿ ನನ್ನ ಮಡಿಲಲ್ಲಿ ತಣ್ಣಗೆ ಕೂತಿತ್ತು.

"ಪಾಚಿ ಅಂದೆ" ಎಂದೆ.

"ಯಾರು?"

"ನೀನು. ಎರಡು ಸಲ."

"ಪಾಚಿನೇ ಅಲ್ವಾ?"

"ಅಲ್ಲ."

"ಹೂಂ."

ಸೇತುವೆ ದಾಟಿದೆವು. ಆಲ್ಬನ್‌ನ ಮಿಲ್ಲಿನ ಗೇಟು ಮಂಜಿನೊಳಗಿಂದ ಒಮ್ಮೆ ಕಂಡು ಮರೆಯಾಯಿತು.

"ನನ್ನ ಹೆಸರು ಯಾಕೆ ಸೂಚಿಸಿದೆ, ಹೆಡ್ಲಿ?"

ಅವನು ತೋಳಿನಿಂದ ಮುಂದಿನ ಗಾಜು ಒರೆಸಿದ. "ಮಂಗಳವಾರ ನಾನು ಈ ಕಡೆ ಬಂದ್ಬಿಡ್ತೀನಿ. ನೀನು ಆ ಮನೇಲಿ ಒಬ್ಳೇ ಒಂದು ಮೊಟ್ಟೆ ಬೇಯಿಸ್ಕೊಂಡು ಕೂತಿರ್ತಿ. ಪಾಪ ಅನ್ನಿಸ್ತಿತ್ತು."

ನಾನು ಜಾಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ, ಅವನ ತಲೆಯ ದಿಕ್ಕಿಗೆ ಹೋಗದಿರಲಿ ಎಂದು.

ಮರುದಿನ ಬೆಳಗ್ಗೆ ನಾನು ಎಲ್ಡನ್‌ವೇಲ್ ಸೇವಾ ಕ್ಲಬ್ಬಿನ ಉಪನ್ಯಾಸ ವಿಭಾಗದ ಮುಖ್ಯಸ್ಥೆಯಾಗಿ ಮೊದಲ ಕರೆ ಮಾಡಿದೆ. ಮಲದ ಗುಂಡಿಯವನಿಗೆ. ಸೊಂಟ ಹೇಗಿದೆ ಎಂದು ವಿಚಾರಿಸಿ, ಕೂತುಕೊಂಡೇ ಭಾಷಣ ಮಾಡಬಹುದೇ ಎಂದು ಕೇಳುವಷ್ಟರಲ್ಲಿ ಹಿತ್ತಲಲ್ಲಿ ಯಂತ್ರ ಬೊಬ್ಬಿಟ್ಟಿತು. ಅವನ ಉತ್ತರ ನನಗೆ ಕೇಳಿಸಲಿಲ್ಲ.

"ಏನಂದಿರಿ?" ಎಂದೆ. ಫೋನಿನಲ್ಲಿ ನನ್ನ ಧ್ವನಿಯೇ ನನಗೆ ಕೇಳಿಸಿ ಮೈ ಉರಿಯಿತು.

ಕಿಟಕಿಯಿಂದ ನೋಡಿದರೆ ಹೆಡ್ಲಿ ರಬ್ಬರ್ ಬೂಟು ಹಾಕಿಕೊಂಡು ಕಲ್ಲುಹಾಸು ತೊಳೆಯುತ್ತಿದ್ದ. ಚಳಿಗಾಲ ಮುಗಿಯಲು ಕಾದಿರಲಿಲ್ಲ. ನೀರಿನ ಬಾಣ ಬಾವಿಕಟ್ಟೆ ದಾಟಿ, ಹೂಕುಂಡ ದಾಟಿ, ಹಿಂಬಾಗಿಲ ಮೆಟ್ಟಿಲಿನ ಕಡೆಗೇ ಬರುತ್ತಿತ್ತು. ನಾನು ಫೋನು ಇಟ್ಟು, ಚಪ್ಪಲಿ ಹುಡುಕಿ, ಇಡೀ ದಾಂಪತ್ಯದಲ್ಲಿ ಕೂಡಿಟ್ಟ ಬೈಗುಳಗಳನ್ನೆಲ್ಲ ಬಾಯಿಗೆ ತಂದುಕೊಂಡು ಹಜಾರ ದಾಟುವಷ್ಟರಲ್ಲಿ ಯಂತ್ರದ ಸದ್ದು ನಿಂತಿತು. ಮುಗಿಯಿತು ಎಂದುಕೊಂಡೆ. ಬಾಗಿಲು ತೆರೆದೆ.

ಕಲ್ಲುಹಾಸು ಬೆಳ್ಳಗಿತ್ತು. ಯಂತ್ರ ದೂರದಲ್ಲಿ ಹುಲ್ಲಿನ ಮೇಲೆ ಮಲಗಿತ್ತು. ಮೊಣಕಾಲು ಕೆಟ್ಟ ಮೇಲೆ ಚರ್ಚಿನಲ್ಲೂ ಮಂಡಿಯೂರದ ಹೆಡ್ಲಿ ಒದ್ದೆ ಮೆಟ್ಟಿಲಿನ ಮುಂದೆ ಒಂದು ಗೋಣಿಚೀಲ ಮಡಚಿ ಹಾಕಿಕೊಂಡು ಮಂಡಿಯೂರಿದ್ದ. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಕಲ್ಲುಹೂವಿನ ಅಂಚಿಗೆ ತನ್ನ ಹೆಬ್ಬೆಟ್ಟನ್ನು ಅಡ್ಡಲಾಗಿ ಇಟ್ಟುಕೊಂಡು, ಹೆಬ್ಬೆಟ್ಟಿನ ಈಚೆಯ ಕಲ್ಲನ್ನು ಮಾತ್ರ ಮೆಲ್ಲಗೆ ಉಜ್ಜುತ್ತಿದ್ದ. ಉಜ್ಜಿ, ಹೆಬ್ಬೆಟ್ಟು ಸರಿಸಿ, ಮತ್ತೆ ಉಜ್ಜಿ. ಸಾಸರಿನ ಸುತ್ತ ಅರ್ಧ ದಾರಿ ಬಂದಿದ್ದ.

ಬಾಯಿಗೆ ತಂದುಕೊಂಡಿದ್ದ ಮಾತುಗಳಲ್ಲಿ ಯಾವುದೂ ಈ ಸಂದರ್ಭಕ್ಕೆ ಹೊಂದಲಿಲ್ಲ.

"ಹೆಡ್ಲಿ" ಎಂದೆ ಕೊನೆಗೆ. "ಆ ಬ್ರಷ್ಷು ನನ್ನದು."

"ಏನಂದೆ?" ಎಂದ, ತಲೆಯೆತ್ತದೆ. ಹೆಬ್ಬೆಟ್ಟನ್ನು ಮಾತ್ರ ಕಲ್ಲಿನಿಂದ ಎತ್ತಲಿಲ್ಲ.